ಉಪಯೋಗ ತಿಳಿದಿಲ್ಲ

ಪ್ರವಾಸದಲ್ಲಿ ಸಣ್ಣ ಊರಿನ ವಸ್ತುಸಂಗ್ರಹಾಲಯವನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ರೈಲಿಗೆ ಇನ್ನೂ ಎರಡು ಗಂಟೆ ಇರುತ್ತದೆ, ಇಲ್ಲವೇ ಮಳೆ ಹಿಡಿದುಕೊಂಡಿರುತ್ತದೆ, ಇಲ್ಲವೇ ನೋಡಬೇಕೆಂದು ಅಷ್ಟು ದೂರದಿಂದ ಬಂದ ಜಾಗಕ್ಕೆ ಅಂದೇ ವಾರದ ರಜೆ ಇರುತ್ತದೆ. ಆಗ ಬಣ್ಣ ಮಾಸಿದ ಫಲಕವೊಂದು ಕಣ್ಣಿಗೆ ಬೀಳುತ್ತದೆ. ನಾನು ಇಂಥ ಸಂಗ್ರಹಾಲಯಗಳನ್ನು ಹೊಕ್ಕಿದ್ದೆಲ್ಲ ಹೀಗೆಯೇ. ಒಳಗೆ ಕಾಲಿಟ್ಟ ಕೂಡಲೇ, ಅಲ್ಲಿಯವರೆಗೆ ಏನನ್ನೋ ಓದುತ್ತ ಕುಳಿತಿದ್ದವರು ಎದ್ದು ಹೋಗಿ ಒಂದೊಂದೇ ಕೋಣೆಯ ದೀಪ ಹಾಕತೊಡಗುತ್ತಾರೆ. ನನ್ನೊಬ್ಬನಿಗಾಗಿ ಕಟ್ಟಡವೊಂದು ಎಚ್ಚರಗೊಂಡಿತಲ್ಲ ಎಂಬ ದಾಕ್ಷಿಣ್ಯಕ್ಕೆ ಸಿಕ್ಕಿದ ಮೇಲೆ ಹತ್ತು ನಿಮಿಷದಲ್ಲಿ ಹೊರಗೆ ಬರುವುದು ಸಾಧ್ಯವೇ ಇಲ್ಲ.

ದೊಡ್ಡ ಸಂಗ್ರಹಾಲಯಗಳಲ್ಲಿ ನಾವು ನೋಡುವುದಕ್ಕಿಂತ ಗುರುತು ಹಿಡಿಯುವುದೇ ಹೆಚ್ಚು. ಪಠ್ಯಪುಸ್ತಕದಲ್ಲಿ ಕಂಡ ಚಿತ್ರ ಇಲ್ಲಿದೆ ಎಂದು ಖಾತರಿಪಡಿಸಿಕೊಂಡು, ಹಿಂದಿನವರ ಒತ್ತಡಕ್ಕೆ ಮುಂದಕ್ಕೆ ಸರಿಯುತ್ತೇವೆ. ಸಣ್ಣದರಲ್ಲಿ ಗುರುತು ಹಿಡಿಯಲು ಏನೂ ಇರುವುದಿಲ್ಲ. ಒಂದು ಬೀಗ, ಒಂದಷ್ಟು ತೂಕದ ಬಟ್ಟುಗಳು, ಮುಳ್ಳು ಕಳೆದುಕೊಂಡ ಗಡಿಯಾರ, ಯಾರದೋ ಕನ್ನಡಕ. ಹಾಗಾಗಿ ಚೀಟಿಗಳನ್ನು ಓದಬೇಕಾಗುತ್ತದೆ. ಓದುತ್ತ ಓದುತ್ತ ನನಗೆ ವಸ್ತುಗಳಿಗಿಂತ ಚೀಟಿಗಳ ಮೇಲೆಯೇ ಮೋಹ ಹುಟ್ಟಿಬಿಟ್ಟಿದೆ.

ಈ ಚೀಟಿಯ ವಂಶವೇನೂ ಸಾಮಾನ್ಯದ್ದಲ್ಲ. ಪ್ರಾಚೀನ ಮೆಸೊಪೊಟೇಮಿಯದ ಉರ್ ನಗರದಲ್ಲಿ ಉತ್ಖನನ ನಡೆಸುತ್ತಿದ್ದ ಲಿಯೊನಾರ್ಡ್ ವೂಲಿ, 1925ರಲ್ಲಿ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಶತಮಾನಗಳಿಗೆ ಸೇರಿದ ವಸ್ತುಗಳನ್ನು ಒಟ್ಟಿಗೆ ಕಂಡು ಮೊದಲು ಗಲಿಬಿಲಿಗೊಂಡರು. ಅವುಗಳ ಜೊತೆಯಲ್ಲೇ, ಹಳೆಯ ಶಾಸನವೊಂದನ್ನು ನಕಲು ಮಾಡಿ ಅದು ಎಲ್ಲಿ ದೊರೆಯಿತೆಂದು ತಿಳಿಸುವ ಮಣ್ಣಿನ ತುಂಡೊಂದು ಸಿಕ್ಕಿತು. ಬ್ಯಾಬಿಲೋನಿನ ದೊರೆ ನಬೊನಿಡಸನ ಮಗಳು ಎನ್ನಿಗಾಲ್ಡಿ ಸುಮಾರು 2,500 ವರ್ಷಗಳ ಹಿಂದೆ ಅಲ್ಲಿ ಹಳೆಯ ವಸ್ತುಗಳ ಸಂಗ್ರಹವನ್ನು ಇಟ್ಟಿದ್ದಳೆಂದು ವೂಲಿ ತರ್ಕಿಸಿದರು. ನಮಗೇ ಪ್ರಾಚೀನವಾಗಿ ಕಾಣುವ ಆ ಕಾಲದವರಿಗೂ ಒಂದು ಪ್ರಾಚೀನ ಕಾಲವಿತ್ತು, ಅದಕ್ಕೊಂದು ಚೀಟಿ ಅಂಟಿಸುವ ಹಂಬಲವಿತ್ತು ಎಂಬುದನ್ನು ನೆನೆದರೆ ತಮಾಷೆಯೆನಿಸುತ್ತದೆ.

ಸಣ್ಣ ಸಂಗ್ರಹಾಲಯದ ಚೀಟಿಗಳಲ್ಲಿ ಅದರ ಸ್ವಂತ ಚರಿತ್ರೆಯೂ ಪದರಪದರವಾಗಿ ಕುಳಿತಿರುತ್ತದೆ. ತೀರ ಹಳೆಯವು ಶಾಯಿಯಲ್ಲಿ ಬರೆದವು, ಅಕ್ಷರ ಮುತ್ತಿನಂತಿರುತ್ತದೆ. ಅನಂತರದವು ಟೈಪ್ ಮಾಡಿದವು, ಒಂದೇ ಅಕ್ಷರ ಎಲ್ಲ ಕಡೆಯೂ ತುಸು ಮೇಲಕ್ಕೆ ಎದ್ದಿರುತ್ತದೆ. ಇತ್ತೀಚಿನವು ಕಂಪ್ಯೂಟರಿನವು, ಇವುಗಳಲ್ಲಿ ಕಾಗುಣಿತದ ತಪ್ಪುಗಳೂ ಅಚ್ಚುಕಟ್ಟಾಗಿರುತ್ತವೆ. ವಸ್ತುವಿನ ತಳದಲ್ಲೋ ಬೆನ್ನಿನಲ್ಲೋ ಸಣ್ಣದೊಂದು ಸಂಖ್ಯೆಯೂ ಇರುತ್ತದೆ. ಹಲವು ಕಡೆ ಅದನ್ನು ಬರೆಯುವ ಕ್ರಮ ಸರಳ: 1974.12.3 ಎಂದಿದ್ದರೆ, 1974ರಲ್ಲಿ ಬಂದ ಹನ್ನೆರಡನೆಯ ಕಂತಿನ ಮೂರನೆಯ ವಸ್ತು. ಅಂಥದೊಂದು ಸಂಖ್ಯೆಯನ್ನು ಕಂಡಾಗಲೆಲ್ಲ ಅದೇ ಕಂತಿನ ಮೊದಲೆರಡು ವಸ್ತುಗಳು ಎಲ್ಲಿ ಹೋದವೆಂದು ಸುತ್ತಲೂ ಹುಡುಕುವುದು ನನ್ನ ಚಾಳಿ. ಸಾಮಾನ್ಯವಾಗಿ ಅವು ಸಿಗುವುದಿಲ್ಲ, ಒಳಗಿನ ಉಗ್ರಾಣದಲ್ಲಿರುತ್ತವೆ.

ಕಲಾಕೃತಿಗಳ ಕೋಣೆ ಯಾವಾಗಲೂ ಕೊನೆಯಲ್ಲಿ, ಯಾವಾಗಲೂ ಕತ್ತಲಾಗಿ ಇರುತ್ತದೆ. ಮೊದಮೊದಲು ಇದನ್ನು ಜಿಪುಣತನವೆಂದು ಭಾವಿಸಿದ್ದೆ. ಬಟ್ಟೆ, ಕಾಗದ, ಜಲವರ್ಣಗಳಿಗೆ, ಬೆಳಕಿನ ಅಳತೆಯಲ್ಲಿ, 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳದಂತೆ ನೋಡಿಕೊಳ್ಳುವುದು ವಾಡಿಕೆಯಾಗಿದ್ದು, ಬೆಳಕಿನಿಂದಾದ ಹಾನಿ ದಿನದಿನಕ್ಕೂ ಕೂಡಿಕೊಳ್ಳುತ್ತ ಹೋಗುತ್ತದೆಯೇ ಹೊರತು ಮರಳಿ ಸರಿಹೋಗುವುದಿಲ್ಲ ಎಂದು ತಿಳಿದ ಮೇಲೆ ಗೊಣಗುವುದನ್ನು ಬಿಟ್ಟೆ. ಒಮ್ಮೆ ಅಂಥ ಮಬ್ಬಿನಲ್ಲಿ, ಅರ್ಧ ಗಂಟೆಯ ಹಿಂದೆ ನಾನೇ ನಡೆದು ಬಂದಿದ್ದ ಬೀದಿಯ ಚಿತ್ರವಿತ್ತು. ಕಲೆಯೆಂದು ನೋಡಿದರೆ ಅದು ಅಷ್ಟಕ್ಕಷ್ಟೆ. ಮನುಷ್ಯರ ಕಾಲುಗಳೆಲ್ಲ ನೆಲಕ್ಕೆ ತಾಗಿಯೂ ತಾಗದಂತಿದ್ದವು. ಆದರೆ ತಿರುವಿನ ಮನೆಯ ಕಿಟಕಿಯೊಂದನ್ನು ಮಾತ್ರ ಕಲಾವಿದ ವಿಶೇಷ ಪ್ರೀತಿಯಿಂದ, ಒಂದೊಂದು ಸರಳನ್ನೂ ಎಣಿಸಿ ಬರೆದಿದ್ದ. ಹಿಂದಿರುಗುವಾಗ ಆ ಕಿಟಕಿಯ ಕೆಳಗೆ ನಿಂತು ನಾನೂ ಎಣಿಸಿದೆ. ಒಂದು ಕಡಿಮೆ ಇತ್ತು.

ಅಂದೇ, ಆ ಕಟ್ಟಡದಲ್ಲೇ, ನಾನು ಈವರೆಗೆ ಓದಿದ ಚೀಟಿಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು ಎದುರಾಯಿತು. ಗಾಜಿನ ಪೆಟ್ಟಿಗೆಯೊಳಗೆ ಗೇಣುದ್ದದ ಕಬ್ಬಿಣದ ವಸ್ತುವೊಂದಿತ್ತು: ಒಂದು ತುದಿ ಕೊಕ್ಕೆಯಂತೆ ಬಾಗಿತ್ತು, ಇನ್ನೊಂದು ತುದಿಯಲ್ಲಿ ಎರಡು ಕವಲು, ನಡುವೆ ಕೈಹಿಡಿತಕ್ಕೆ ಸವೆದು ನುಣುಪಾದ ಜಾಗ. ಚೀಟಿಯಲ್ಲಿ ‘ಕಬ್ಬಿಣ. ಉಪಯೋಗ ತಿಳಿದಿಲ್ಲ’ ಎಂದಷ್ಟೇ ಇತ್ತು. ಒಬ್ಬ ಕಮ್ಮಾರ ಅದನ್ನು ಬೇಕೆಂದೇ ಹಾಗೆ ಬಗ್ಗಿಸಿದ್ದಾನೆ, ಒಂದು ಕೈ ಅದನ್ನು ವರ್ಷಗಟ್ಟಲೆ ಹಿಡಿದು ಸವೆಸಿದೆ. ಕೆಲಸವೇನೆಂಬುದು ಮಾತ್ರ ಅಷ್ಟೂ ಜನರ ನೆನಪಿನಿಂದ ಜಾರಿಹೋಗಿದೆ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ದೀಪ ಹಾಕಿದ್ದ ಹಿರಿಯರು ಹತ್ತಿರ ಬಂದು, ‘ನಿಮಗೇನಾದರೂ ಗೊತ್ತೇ?’ ಎಂದು ಕೇಳಿದರು. ಬಿಸಿ ಪಾತ್ರೆಯನ್ನು ಎತ್ತುವುದಕ್ಕೆ ಇರಬಹುದೇನೋ ಎಂದೆ. ಅವರು ನಗಲಿಲ್ಲ. ಮೇಜಿನ ಬಳಿಗೆ ಹೋಗಿ ಡ್ರಾಯರ್ ಎಳೆದು, ದಾರದಲ್ಲಿ ಕಟ್ಟಿಟ್ಟಿದ್ದ ಚೀಟಿಗಳ ಕಂತೆಯೊಂದನ್ನು ಬಿಚ್ಚಿ, ನನ್ನ ಊಹೆಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಕೆಳಗೆ ದಿನಾಂಕ ಹಾಕಿದರು. ‘ಪಾತ್ರೆ ಎಂದವರು ನಿಮ್ಮನ್ನು ಸೇರಿಸಿ ನಾಲ್ವರಾದರು. ಕುದುರೆಗೆ ಸಂಬಂಧಿಸಿದ್ದು ಎನ್ನುವವರು ಇನ್ನೂ ಹೆಚ್ಚಿದ್ದಾರೆ’ ಎಂದು ಹೇಳಿ ದಾರವನ್ನು ಮತ್ತೆ ಗಂಟು ಹಾಕಿದರು.