ಇನ್ನೊಂಚೂರು ಹತ್ತಿರ ಹೋಗಣ್ಣ

ಇಂಗ್ಲೆಂಡಿನ ರಟ್ಲೆಂಡ್ ವಾಟರ್ ಜಲಾಶಯದಲ್ಲಿ, ಮೀನು ಬೇಟೆಯಾಡುವ ಹಕ್ಕಿ ಆಸ್ಪ್ರೆಯೊಂದು ನಾವು ಅಡಗಿ ಕೂತು ನೋಡುತ್ತಿದ್ದ ಮರೆಗುಡಿಸಲಿನ, ಅಂದರೆ ಹೈಡ್‌ನ ಕಿಂಡಿಯೆದುರೇ ನೀರಿಗೆ ಧುಮುಕಿತು. ಜೊತೆಗಿದ್ದ ಬೆಂಗಳೂರಿನ ಅತಿಥಿ ಸಂಭ್ರಮದಿಂದ ಬೆರಳು ಹೊರಗೆ ಚಾಚಿದರು. "ಕೈ ಒಳಗಿರಲಿ," ಎಂದರು ಅಲ್ಲಿನ ಸ್ವಯಂಸೇವಕಿ. ಮಾತು ಚುಚ್ಚಿತು, ನಿಜ. ಆದರೆ ಕೈ ಒಳಗೆ ಬಂದಿದ್ದರಿಂದಲೇ ಉಳಿದದ್ದೆಲ್ಲ ಕಣ್ಣೆದುರು ನಡೆಯಿತು: ಹಕ್ಕಿ ಮೀನಿನೊಂದಿಗೆ ಮೇಲೆದ್ದಿತು, ಗಾಳಿಯಲ್ಲೇ ಮೈ ಕೊಡವಿಕೊಂಡಿತು, ಮೀನಿನ ತಲೆ ಮುಂದೆ ಬರುವಂತೆ ಕಾಲಲ್ಲೇ ತಿರುಗಿಸಿಕೊಂಡಿತು. ಹೊರಬೆರಳನ್ನು ಹಿಂದಕ್ಕೆ ಮಡಚಿ ಮುಂದೆರಡು, ಹಿಂದೆರಡು ಉಗುರಲ್ಲಿ ಮೀನನ್ನು ಬಿಗಿದ ರೀತಿಯೂ ಕಂಡಿತು.

ಇದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ನಮ್ಮ ಭದ್ರಾ, ಕಬಿನಿ ಹಿನ್ನೀರಿಗೂ ಬರುತ್ತದೆ. ಮುಳುಗಿದ ಮರದ ಬೊಡ್ಡೆಯ ಮೇಲೆ ಕೂತು ಮೀನನ್ನು ಹರಿದು ತಿನ್ನುತ್ತಿರುತ್ತದೆ. ದೋಣಿ ಸೀದಾ ಅದರ ಕಡೆಗೇ. "ಇನ್ನೊಂಚೂರು ಹತ್ತಿರ ಹೋಗಣ್ಣ" ಎಂದು ದೋಣಿ ತುಂಬ ಒತ್ತಾಯ. ಕೊನೆಗೆ ಸಿಗುವುದು ಹಾರಿಹೋಗುವ ಹಕ್ಕಿಯ ಬೆನ್ನಿನ ಫೋಟೋ.

ಹಕ್ಕಿ ಮೊದಲೇ ಹೇಳಿರುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ತಿನ್ನುವುದನ್ನು ನಿಲ್ಲಿಸಿ ನಮ್ಮನ್ನೇ ದಿಟ್ಟಿಸಿದರೆ ಅದು ಮೊದಲ ಎಚ್ಚರಿಕೆ. ಗರಿಗಳು ಮೈಗಂಟಿ, ದೇಹ ಸಣ್ಣಗಾಗಿ, ತಲೆ ಮೇಲೆ ಕೆಳಗೆ ಆಡತೊಡಗಿದರೆ ಅಲ್ಲೇ ನಿಲ್ಲಬೇಕು. ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಹಾರಲು ಸಿದ್ಧವಾಗಿದೆ ಎಂದೇ ಅರ್ಥ, ಆಮೇಲೆ ಎಂಜಿನ್ ಆಫ್ ಮಾಡಿ ಪ್ರಯೋಜನವಿಲ್ಲ. ಹಿಡಿದ ಮೀನನ್ನು ನೆಮ್ಮದಿಯಾಗಿ ತಿನ್ನಲು ಬಿಡದಿದ್ದರೆ ಆ ಬೇಟೆಯ ಶ್ರಮವೆಲ್ಲ ದಂಡ.

ಹೈಡ್‌ನಲ್ಲಿ ಕೂರುವವರ ಲೆಕ್ಕಾಚಾರವೇ ಬೇರೆ. ಬೆಳಕು ಹರಿಯುವ ಮೊದಲೇ ಒಳಗೆ ಸೇರುತ್ತಾರೆ. ಲೆನ್ಸ್‌ನ ಮೂತಿ ಕಿಂಡಿಯಿಂದಾಚೆ ಹೋಗುವುದಿಲ್ಲ, ಅದನ್ನು ತಿರುಗಿಸುವುದೂ ನಿಧಾನ. ನಿಂತ ಹಕ್ಕಿಗೆ 1/500 ಸೆಕೆಂಡಿನ ಶಟರ್ ಸಾಕು, ಧುಮುಕುವುದಕ್ಕೆ 1/2000 ಬೇಕು. ಅದನ್ನೂ ಮೊದಲೇ ಹೊಂದಿಸಿಟ್ಟಿರುತ್ತಾರೆ, ಹಕ್ಕಿ ಕಂಡಮೇಲೆ ತಡಕಾಡುವುದಿಲ್ಲ. ಬಿಸಿಲು, ಗಾಳಿ ಎರಡೂ ಬೆನ್ನಿಗಿರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ಕೂರುತ್ತದೆ, ಗಾಳಿಗೆದುರಾಗಿಯೇ ಹಾರುತ್ತದೆ. ಅಂದರೆ ನಮ್ಮತ್ತಲೇ ಬರುತ್ತದೆ. ಬೇಟೆಯ ಹಕ್ಕಿಯನ್ನು ಅಷ್ಟು ಸಮೀಪದಿಂದ ಕಾಣಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನಮ್ಮವರಿಗೆ ಬೇಕಿರುವುದು ಈ ತಾಳ್ಮೆ. ದುಬಾರಿ 600 ಎಂಎಂ ಲೆನ್ಸ್‌ಗಳು ಊರಲ್ಲಿ ಈಗಾಗಲೇ ಬೇಕಾದಷ್ಟಿವೆ.

ಇಂಗ್ಲೆಂಡಿನವರನ್ನು ತೀರಾ ಹೊಗಳಲೂ ಮನಸ್ಸು ಬಾರದು. ಬ್ರಿಟನ್ನಿನಲ್ಲಿ ಬಂದೂಕಿಗೂ ಮೊಟ್ಟೆ ಸಂಗ್ರಹಿಸುವವರ ಹುಚ್ಚಿಗೂ ಸಿಕ್ಕಿ ಆಸ್ಪ್ರೆಯ ಸಂತಾನ 20ನೇ ಶತಮಾನದ ಆರಂಭದಲ್ಲೇ ನಿಂತುಹೋಗಿತ್ತು. 1950ರ ದಶಕದಲ್ಲಿ ಸ್ಕಾಟ್ಲೆಂಡಿನ ಲಾಖ್ ಗಾರ್ಟನ್ ಸರೋವರಕ್ಕೆ ತಾವಾಗಿಯೇ ಮರಳಿದ ಜೋಡಿಯ ಮೊಟ್ಟೆಗಳನ್ನು 1958ರಲ್ಲಿ ಕದ್ದರು. ಮರುವರ್ಷ ಅಲ್ಲಿ ಕಾವಲು ಹಾಕಿ, ಜನ ದೂರದಿಂದ ನೋಡಲು ವ್ಯವಸ್ಥೆ ಮಾಡಿದರು. ರಟ್ಲೆಂಡ್‌ನವು 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಬಿಟ್ಟು ಬೆಳೆಸಿದ ವಂಶ. ಮೊದಲ ಮರಿ ಹುಟ್ಟಿದ್ದು 2001ರಲ್ಲಿ. ಹಕ್ಕಿಯನ್ನೇ ಕಳೆದುಕೊಂಡ ಮೇಲೆ ಬಂದ ಶಿಸ್ತು ಇದು. ಗರುಡ ಕಂಡರೆ ಕೆನ್ನೆ ಮುಟ್ಟಿಕೊಳ್ಳುವ ನಮ್ಮೂರಲ್ಲಿ ಹದ್ದು ಪೇಟೆಯ ಮರದಲ್ಲೇ ಗೂಡು ಕಟ್ಟುತ್ತದೆ, ಯಾರೂ ಬಂದೂಕು ಎತ್ತುವುದಿಲ್ಲ.

ಇನ್ನೊಂದನ್ನೂ ಒಪ್ಪಲೇಬೇಕು. ಬೇಸಿಗೆ ಹತ್ತಿರವಾದಂತೆ ಹಿನ್ನೀರು ಇಳಿದು ದಂಡೆ ದೂರ ಸರಿಯುತ್ತದೆ. ದಂಡೆಯಲ್ಲಿ ಕಟ್ಟಿದ ಹೈಡ್ ಕೆಸರಿನ ನಡುವೆ ಒಂಟಿಯಾಗಿ ಉಳಿದೀತು. ಅಲ್ಲಿಗೆ ದೋಣಿಯೇ ಸರಿ. ಹಾಗಿದ್ದರೆ ಎಂಜಿನ್ ದೂರದಲ್ಲೇ ನಿಲ್ಲಲಿ, ದೋಣಿ ಓರೆಯಾಗಿ ತೇಲಿಕೊಂಡು ಹೋಗಲಿ, ಹಕ್ಕಿ ತಲೆಯೆತ್ತಿ ನೋಡಿದ ಕೂಡಲೇ ಹುಟ್ಟು ಹಿಂದಕ್ಕೆ ಬೀಳಲಿ.