ಯೂರೋಪಿನ ದ್ರಾಕ್ಷಿಗೆ ಜಾತಕ, ನಮ್ಮ ಸೇಬಿಗೆ ಸ್ಟಿಕ್ಕರ್

ಮೊನ್ನೆ ಸಂಜೆ ತಳ್ಳುಗಾಡಿಯಿಂದ ಒಂದು ಕೆಜಿ ಸೇಬು ತಂದೆ. ಒಂದೊಂದರ ಮೇಲೂ ಮಿರಮಿರ ಮಿಂಚುವ ಸ್ಟಿಕ್ಕರ್. ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಅಂತ ಬರೆದಿತ್ತು, ಕೆಳಗೆ 4011 ಅಂತ ನಂಬರು. ಕುತೂಹಲಕ್ಕೆ ಹುಡುಕಿದರೆ ಅದು ಬಾಳೆಹಣ್ಣಿನ ನಂಬರು! ಹೊರದೇಶದ ದೊಡ್ಡ ಅಂಗಡಿಗಳಲ್ಲಿ ಬಾಳೆಹಣ್ಣಿಗೆ ಬಿಲ್ ಹಾಕುವಾಗ ಒತ್ತುವುದು ಇದನ್ನೇ. ಸ್ಟಿಕ್ಕರ್ ಕಿತ್ತೆ. ಅಡಿಯಲ್ಲಿ ಎಂಟಾಣೆಯಷ್ಟು ಅಗಲದ ಕೊಳೆತ ಮಚ್ಚೆ. ದರ್ಜಿ ಅಳತೆ ತೆಗೆದು ಹೊಲಿದ ಹಾಗೆ ಸರಿಯಾಗಿ ಮುಚ್ಚಿತ್ತು.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಬೇರೆ ದೇಶಗಳಲ್ಲಿ ಹಣ್ಣು ಎಲ್ಲಿಂದ ಬಂತು ಅಂತ ತಿಳಿಯೋಕೆ ಸ್ಟಿಕ್ಕರ್, ನಮ್ಮಲ್ಲಿ ಚೆಂದ ಕಾಣಿಸೋಕೆ, ಇಲ್ಲವೇ ಕೊಳೆತದ್ದನ್ನು ಮುಚ್ಚೋಕೆ ಅಂತ ಅವರೇ ಹೇಳಿದ್ದಾರೆ. ಸ್ಟಿಕ್ಕರ್ ಇದೆ ಅಂತ ನಂಬಿ ಕೊಳ್ಳಬೇಡಿ ಅಂತಲೂ ಹೇಳಿದ್ದಾರೆ. ಪಾಪ, ಇನ್ನೇನು ಮಾಡಿಯಾರು?

ಹಾಗಂತ ನಮ್ಮ ದೇಶಕ್ಕೆ ಹಣ್ಣಿನ ಜಾಡು ಹಿಡಿಯೋಕೆ ಬರಲ್ಲ ಅಂದುಕೊಳ್ಳಬೇಡಿ. 2003ರಲ್ಲಿ ನಮ್ಮ ದ್ರಾಕ್ಷಿಯಲ್ಲಿ ಕೀಟನಾಶಕ ಇದೆ ಅಂತ ಯೂರೋಪಿನವರು ಮುಖ ಸಿಂಡರಿಸಿದರು. ನಮ್ಮವರು ದಡಬಡಿಸಿ ಎದ್ದರು. 2006ರಲ್ಲಿ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಅಪೇಡಾ ಸಂಸ್ಥೆ, ದ್ರಾಕ್ಷಿಯ ಜಾಡು ಹಿಡಿಯುವ ಕಂಪ್ಯೂಟರ್ ವ್ಯವಸ್ಥೆ ‘ಗ್ರೇಪ್‌ನೆಟ್’ ಶುರು ಮಾಡಿತು. ಅಂದಿನಿಂದ ಯೂರೋಪಿಗೆ ಹೋಗುವ ದ್ರಾಕ್ಷಿಗೆ ಮದುವೆ ಹುಡುಗನಿಗಿಂತ ಜಾಸ್ತಿ ವಿಚಾರಣೆ. ತೋಟಕ್ಕೊಂದು ನೋಂದಣಿ ನಂಬರು. ಹೊಡೆದ ಔಷಧಿಗೆಲ್ಲ ಲೆಕ್ಕ. ಕೊಯ್ಲಿಗೆ ಮೊದಲೇ ಲ್ಯಾಬಿನಲ್ಲಿ ಪರೀಕ್ಷೆ. ಪಾಸಾದರೆ ಪೆಟ್ಟಿಗೆಯ ಮೇಲೆ ಕೋಡು. ಅಲ್ಲಿ ಯಾರೋ ಒಬ್ಬರು ಹೊಟ್ಟೆ ಹಿಡಿದುಕೊಂಡರೆ, ಆ ಕೋಡು ಹಿಡಿದು ವಿಜಯಪುರದ ತೋಟದ ಬಾಗಿಲಿಗೇ ಬರಬಹುದು.

ಪರೀಕ್ಷೆಯಲ್ಲಿ ಫೇಲಾದ ದ್ರಾಕ್ಷಿ? ಅದು ಯೂರೋಪಿಗೆ ಮಾತ್ರ ಹೋಗುವಂತಿಲ್ಲ. ಆಮೇಲಿನ ಪ್ರಯಾಣಕ್ಕೆ ಗ್ರೇಪ್‌ನೆಟ್ ಹಿಂದೆ ಬರಲ್ಲ. ನಮ್ಮ ಹೊಟ್ಟೆಗೆ ಅಷ್ಟೆಲ್ಲ ವಂಶಾವಳಿ ಯಾಕೆ ಬೇಕು, ಅಲ್ವಾ?

ಇನ್ನು ನಮ್ಮ ಚಿಕ್ಕಮ್ಮನ ಮನೆ ಗೌರಿಯ ಕಥೆ ಕೇಳಿ. ಗೌರಿ ಅಂದರೆ ಹಸು. ಅವಳ ಕಿವಿಯಲ್ಲಿ ಹಳದಿ ಬಿಲ್ಲೆ, ಅದರಲ್ಲಿ 12 ಅಂಕಿ, ಥೇಟ್ ಆಧಾರ್ ಕಾರ್ಡಿನ ಹಾಗೆ. ಯಾವಾಗ ಲಸಿಕೆ ಹಾಕಿಸಿದ್ದು, ಯಾವಾಗ ಕರು ಹಾಕಿದ್ದು, ಎಲ್ಲ ಕಂಪ್ಯೂಟರಿನಲ್ಲಿದೆ. ಚಿಕ್ಕಮ್ಮನ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಆ ಮಾತು ಬೇರೆ. ಬೆಳಿಗ್ಗೆ ಗೌರಿಯ ಹಾಲು ಡೇರಿಗೆ ಹೋಗುತ್ತದೆ. ಫ್ಯಾಟು ನೋಡಿ, ಊರಿನ ಅಷ್ಟೂ ಮನೆಯ ಹಾಲಿನ ಜೊತೆ ಒಂದೇ ಕ್ಯಾನಿಗೆ ಸುರಿಯುತ್ತಾರೆ. ಅಲ್ಲಿಂದಾಚೆ ಗೌರಿಯದು ಯಾವುದು, ಗಂಗೆಯದು ಯಾವುದು, ದೇವರೇ ಹೇಳಬೇಕು. ಹಸುವಿಗೆ ಆಧಾರ್ ಸಿಕ್ಕಿತು, ಹಾಲು ನಿರಾಧಾರವಾಯಿತು.

ನಿನ್ನೆ ಮತ್ತೆ ಅದೇ ಗಾಡಿಗೆ ಹೋದೆ.

“ಎಲ್ಲಿಯ ಸೇಬಪ್ಪಾ?”

“ಸಿಮ್ಲಾ ಸಾರ್.”

ಪಕ್ಕದಲ್ಲಿದ್ದ ಅಜ್ಜಿ, “ಕಾಶ್ಮೀರದ್ದು ಇಲ್ವೇನೋ?” ಅಂದರು. “ಇದೇ ಅಜ್ಜಿ ಕಾಶ್ಮೀರದ್ದು” ಅಂತ ಅದೇ ಗುಡ್ಡೆಗೆ ಕೈ ಹಾಕಿದ.

ಗಾಡಿಯಲ್ಲಿ ಒಂದು ಕ್ಯೂಆರ್ ಕೋಡ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ದುಡ್ಡು ಕಳಿಸುವುದು. ಅಜ್ಜಿಯ ಮೊಮ್ಮಗಳು ಫೋನು ಹಿಡಿದಳು. ದುಡ್ಡು ಬಂತು ಅಂತ ಡಬ್ಬಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಯಾರದು, ಯಾರಿಗೆ, ಎಷ್ಟು ಗಂಟೆಗೆ, ಎಲ್ಲ ಫೋನಿನಲ್ಲಿ ಬಂತು. ಸೇಬು ಮಾತ್ರ ಇನ್ನೂ ಸಿಮ್ಲಾಕ್ಕೂ ಕಾಶ್ಮೀರಕ್ಕೂ ಮಧ್ಯೆ ಎಲ್ಲೋ ಇತ್ತು.

“ಸ್ಟಿಕ್ಕರ್ ಇಲ್ಲದ ಸೇಬು ಇದ್ಯಾ?” ಅಂತ ಕೇಳಿದೆ.

“ಯಾಕಿಲ್ಲ ಸಾರ್!” ಅಂದ. ನಾಲ್ಕು ಸೇಬು ಎತ್ತಿಕೊಂಡ. ಉಗುರಿನಿಂದ ಸ್ಟಿಕ್ಕರ್ ಕಿತ್ತು ಒಂದೊಂದಾಗಿ ತಕ್ಕಡಿಗೆ ಹಾಕಿದ. ಕಿತ್ತ ಸ್ಟಿಕ್ಕರನ್ನು ಪಕ್ಕದ ದಾಳಿಂಬೆಗೆ ಅಂಟಿಸಿದ.