ಗಾಜಿನಾಚೆ ಒಗ್ಗರಣೆ

ಓಪನ್ ಕಿಚನ್ ಎಂಬುದನ್ನು ಮೊದಲು ಯೋಚಿಸಿದ ಪುಣ್ಯಾತ್ಮನ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕುತ್ತಿರಲಿಲ್ಲ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರಿ ತಿನ್ನುವವರಿಗೆ ಹಾಲ್ ಆದರೇನು, ಅಡುಗೆಮನೆಯಾದರೇನು! ನಮ್ಮತ್ತೆ ಹಾಗಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಕಾದ ಎಣ್ಣೆಗೆ ಹಾಕಿದರೆಂದರೆ ಟಿವಿ ಮುಂದೆ ಕೂತ ಮಾವ ಮೊದಲು ಸೀನುತ್ತಾರೆ, ಹಿಂದೆಯೇ ನಮ್ಮನೆಯವರು ಕೆಮ್ಮುತ್ತಾರೆ, ಸಾಯಂಕಾಲದ ಹೊತ್ತಿಗೆ ಸೋಫಾದ ಕುಶನ್ನಿಗೂ ಇಂಗಿನ ವಾಸನೆ ಹತ್ತಿರುತ್ತದೆ. ಚಿಮಣಿ ಇದೆ. ಅದು ಮಾಡುವ ಸದ್ದಿಗೂ ಎಳೆಯುವ ಹೊಗೆಗೂ ಸಂಬಂಧವಿಲ್ಲ.

ಇಟ್ಟಿಗೆ ಗೋಡೆ ಕಟ್ಟಿಸಿದರೆ ಹಾಲ್ ಕತ್ತಲಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯಿಂದ ಬರುವ ಬೆಳಕನ್ನು ಚಮಚದಲ್ಲಿ ಅಳೆದು ಬಳಸಬೇಕು. ಹಾಗಾಗಿ ಗಾಜಿನ ಗೋಡೆ ಎಂದು ತೀರ್ಮಾನವಾಯಿತು. ಎರಡು ಬದಿ ಅಲುಗದ ಗಾಜು, ನಡುವೆ ಜಾರುವ ಬಾಗಿಲು.

ಅಂಗಡಿಯಲ್ಲಿ ಗಾಜಿನ ಚೂರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಮಂಜು ಮಂಜಾದದ್ದು ನೋಡಿದರೆ ಆಸ್ಪತ್ರೆ ನೆನಪಾಗುತ್ತದೆ ಎಂದರು ಅತ್ತೆ. ಉದ್ದುದ್ದ ಗೆರೆಗಳಿರುವ ಫ್ಲೂಟೆಡ್ ಗಾಜು ಈಗ ಫ್ಯಾಷನ್ ಅಂತೆ; ಅದರ ಹಿಂದೆ ನಿಂತ ಸೇಲ್ಸ್‌ಮನ್ ಏಳು ಹೋಳಾಗಿ ಕಂಡ. "ನಾನು ಒಳಗೆ ಏನು ಮಾಡ್ತೀನಿ ಅಂತ ಊರಿಗೆಲ್ಲ ಕಾಣಬೇಕಾ?" ಎಂದು ಪೂರ್ತಿ ಪಾರದರ್ಶಕ ಗಾಜಿಗೂ ಬೇಡ ಎಂದಿದ್ದವರು, ಅದರ ಮೂಲಕ ಅಂಗಡಿಯ ಆ ತುದಿಯಲ್ಲಿದ್ದ ಟಿವಿ ನಿಚ್ಚಳವಾಗಿ ಕಂಡಕೂಡಲೇ ತಣ್ಣಗಾದರು. ಅಡುಗೆ ಮಾಡುತ್ತಲೇ ಧಾರಾವಾಹಿ ನೋಡಬಹುದು! ಆರ್ಡರ್ ಅಲ್ಲೇ ಆಯಿತು.

ಅಳತೆಗೆ ಒಬ್ಬ ಹುಡುಗ ಬಂದ. ಕೆಳಗೆ ಅಳೆದ, ಸೊಂಟದ ಮಟ್ಟದಲ್ಲಿ ಅಳೆದ, ಮೇಲೆ ಅಳೆಯಲು ಸ್ಟೂಲ್ ಕೇಳಿದ. ಸ್ಟೂಲಿನ ಮೇಲೆ ಕುಕ್ಕರ್ ಇತ್ತು, ಕುಕ್ಕರಿನಲ್ಲಿ ಬೇಳೆ ಇತ್ತು. "ಇರ್ಲಿ ಬಿಡಿ ಮೇಡಂ, ಮೇಲೂ ಅಷ್ಟೇ ಇರುತ್ತೆ" ಎಂದು ಬರೆದುಕೊಂಡು ಹೋದ.

ಮನೆ ಕಟ್ಟಿಸಿದವರಿಗೆ ಗೊತ್ತು, ಮೇಲೂ ಅಷ್ಟೇ ಇರುವ ಗೋಡೆ ಈ ಭೂಮಿಯ ಮೇಲೆ ಇಲ್ಲ.

ಗಾಜು ಬಂದ ದಿನ ಸಣ್ಣ ಗೂಡ್ಸ್ ಆಟೋದಲ್ಲಿ, ಮರದ ಚೌಕಟ್ಟಿಗೆ ಒರಗಿ ನಿಂತೇ ಬಂತು. 4 ಅಡಿ ಅಗಲ, 8 ಅಡಿ ಎತ್ತರ, 10 ಮಿಲಿಮೀಟರ್ ದಪ್ಪ. ಒಂದೊಂದು ಹಾಳೆ ಹತ್ತಿರ ಹತ್ತಿರ 75 ಕೆಜಿ. ನಮ್ಮ ಲಿಫ್ಟಿನ ಎತ್ತರ 7 ಅಡಿ. ಲಿಫ್ಟಿನ ಬಾಗಿಲು ತೆರೆದು, ಗಾಜು ನೋಡಿ, ಲಿಫ್ಟ್ ನೋಡಿ, ನಾಲ್ಕು ಜನ ಸುಮ್ಮನೆ ಮೆಟ್ಟಿಲ ಕಡೆ ತಿರುಗಿದರು. ಮುಂದೆ ವಾಚ್‌ಮನ್ "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತ, ಹಿಂದೆ ಹೆಗಲಿಗೆ ಬಟ್ಟೆ ಸುತ್ತಿಕೊಂಡವರು ಹೆಜ್ಜೆ ಎಣಿಸುತ್ತ, ಉತ್ಸವಮೂರ್ತಿ ಹೊರಟ ಹಾಗೆ ಗಾಜು ಮೂರನೇ ಮಹಡಿಗೆ ಹೊರಟಿತು. ಎರಡನೇ ಮಹಡಿಯ ಅಜ್ಜಿ ಸೊಪ್ಪಿನ ಚೀಲ ಹಿಡಿದು ಗೋಡೆಗೆ ಅಂಟಿ ನಿಂತರು. ಕೈ ಮುಗಿದರೋ ಏನೋ, ನನಗೆ ಸರಿಯಾಗಿ ಕಾಣಲಿಲ್ಲ.

ಮಾವ ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಮೆಟ್ಟಿಲ ತಿರುವಿನಲ್ಲಿ ಹೊತ್ತವರು ಉಸಿರು ತೆಗೆದುಕೊಳ್ಳಲು ನಿಂತದ್ದೇ ತಡ, ತರಗತಿ ಶುರುವಾಯಿತು. "ಇದು ಮಾಮೂಲಿ ಗಾಜಲ್ಲ, ಟಫನ್ಡ್. 600 ಡಿಗ್ರಿ ದಾಟಿ ಕಾಯಿಸಿ, ತಟ್ಟನೆ ಎರಡೂ ಕಡೆಯಿಂದ ಗಾಳಿ ಊದಿ ತಣಿಸ್ತಾರೆ. ಹೊರಗಿನ ಪದರ ಮೊದಲು ಗಟ್ಟಿಯಾಗುತ್ತೆ, ಒಳಗಿನದು ಆಮೇಲೆ ಕುಗ್ಗುತ್ತಾ ಹೊರಗಿನದನ್ನ ಬಿಗಿಯಾಗಿ ಎಳೀತಾ ಇರುತ್ತೆ. ಅದಕ್ಕೇ ಇಷ್ಟು ಶಕ್ತಿ. ಪ್ರಿನ್ಸ್ ರೂಪರ್ಟ್ ಹನಿ ಅಂತ ಕೇಳಿದ್ದೀರಾ? 17ನೇ ಶತಮಾನದಲ್ಲೇ ರಾಜರಾಣಿಯರಿಗೆ ತೋರಿಸ್ತಿದ್ದರು. ಕರಗಿದ ಗಾಜನ್ನ ನೀರಿಗೆ ತೊಟ್ಟಿಕ್ಕಿಸಿದರೆ ಬಾಲ ಇರೋ ಹನಿ ಆಗುತ್ತೆ. ತಲೆಗೆ ಸುತ್ತಿಗೆಯಿಂದ ಹೊಡೆದರೂ ಏನೂ ಆಗಲ್ಲ, ಬಾಲ ಚಿವುಟಿದರೆ ಪೂರ್ತಿ ಪುಡಿ ಪುಡಿ!"

"ಪುಡಿ ಪುಡಿ" ಎಂಬ ಮಾತು ಕೇಳಿ ಹೊತ್ತವರಲ್ಲಿ ಕೊನೆಯವನು ಹಿಡಿತ ಬದಲಿಸಿದ. ನನ್ನ ಜೀವ ಬಾಯಿಗೆ ಬಂತು. "ಸಾರ್, ಮೇಲೆ ಹೋದ್ಮೇಲೆ ಹೇಳಿ" ಎಂದ ಮೇಸ್ತ್ರಿ. ಅವನಿಗೆ ಈ ವಿದ್ಯೆಯೆಲ್ಲ ಬೇರೆ ದಾರಿಯಲ್ಲಿ ಗೊತ್ತಿತ್ತು. ಮನೆಯೊಳಗೆ ತಂದ ಮೇಲೆ ಗಾಜಿನ ನಡುಮಧ್ಯಕ್ಕೆ ಮುಷ್ಟಿಯಿಂದ ಡಬಡಬ ಗುದ್ದಿ ತೋರಿಸಿದ, ಆದರೆ ಮೂಲೆಯನ್ನು ಬರಿ ನೆಲಕ್ಕೆ ತಾಗಲು ಬಿಡಲಿಲ್ಲ. ಮಡಿಸಿದ ಗೋಣಿಚೀಲದ ಮೇಲೆ, ಉಸಿರು ಬಿಗಿಹಿಡಿದು ಇಳಿಸಿದ. ಅಂಚಿಗೆ ಏಟು ಬಿದ್ದರೆ ಇಷ್ಟು ದೊಡ್ಡ ಹಾಳೆ ಕ್ಷಣದಲ್ಲಿ ಕಲ್ಲುಸಕ್ಕರೆ ಗಾತ್ರದ ಚೂರುಗಳ ರಾಶಿ.

ನೆಲದ ಯು ಚಾನಲ್ಲಿನಲ್ಲಿ, ಅಂದರೆ ಗಾಜಿನ ಅಂಚು ಕೂರುವ ಲೋಹದ ಕಾಲುವೆಯಲ್ಲಿ, ಗಾಜು ಅಂದವಾಗಿ ಕೂತಿತು. ಗೋಡೆಯ ಕಡೆ ತಳ್ಳಿದರು. ಕೆಳಗೆ ತಾಗಲಿಲ್ಲ, ಮೇಲೆ ತಾಗಿತು. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟ. ನಾವೆಲ್ಲ ಆ ದಾರವನ್ನೇ ನೋಡುತ್ತ ನಿಂತೆವು. ಗುಂಡು ಓಲಾಡಿ, ಓಲಾಡಿ, ನಿಂತಾಗ ದಾರಕ್ಕೂ ಗೋಡೆಗೂ ಮೇಲೊಂದು ಲೆಕ್ಕ, ಕೆಳಗೊಂದು ಲೆಕ್ಕ. "ಗೋಡೆ ಎರಡು ಸೂತು ವಾಲಿದೆ" ಎಂದ. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಇಷ್ಟು ವರ್ಷ ಆ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ್ದೇವೆ, ಗಡಿಯಾರ ನೇತುಹಾಕಿದ್ದೇವೆ, ಮಗಳ ಎತ್ತರದ ಗುರುತು ಹಾಕಿದ್ದೇವೆ. ಯಾವತ್ತೂ ಬಾಯಿಬಿಟ್ಟಿರಲಿಲ್ಲ.

"ಗಾಜನ್ನೇ ಸ್ವಲ್ಪ ಉಜ್ಜಿದರೆ ಆಗಲ್ವಾ?" ಎಂದರು ನಮ್ಮನೆಯವರು. ಮೇಸ್ತ್ರಿಯೂ ಮಾವನೂ ಒಟ್ಟಿಗೆ ತಲೆಯಾಡಿಸಿದರು. ಟಫನ್ ಮಾಡಿದ ಮೇಲೆ ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ. ಅಳತೆ, ತೂತು, ಹಿಡಿಕೆಯ ಜಾಗ, ಎಲ್ಲವೂ ಕುಲುಮೆಗೆ ಹೋಗುವ ಮೊದಲೇ ಮುಗಿದಿರಬೇಕು. ಆಟೋದವರು, ಮನೆಕೆಲಸದವರು, ಬಾಡಿಗೆದಾರರು, ಮಾಲೀಕರು ಎಲ್ಲರೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುವ ಊರಿನಲ್ಲಿ ಅಡ್ಜಸ್ಟ್ ಆಗದ ಒಂದೇ ವಸ್ತುವನ್ನು ನಾವು ದುಡ್ಡು ಕೊಟ್ಟು ಮನೆಗೆ ತಂದಿದ್ದೆವು. ಕೊನೆಗೆ ಅಡ್ಜಸ್ಟ್ ಆದದ್ದು ಗೋಡೆಯೇ. ಉಳಿ ಸುತ್ತಿಗೆ ತಂದು ಪ್ಲಾಸ್ಟರ್ ಕೆತ್ತಿದರು. ಸಿಮೆಂಟಿನ ಧೂಳು ಪುಟ್ಟಿಯಲ್ಲಿಟ್ಟ ಚಪಾತಿಯವರೆಗೂ ಹೋಯಿತು. ಮಗಳ ಎತ್ತರದ ಗುರುತುಗಳಲ್ಲಿ ಯುಕೆಜಿ ಉಳಿದಿದೆ, ಎರಡನೇ ಕ್ಲಾಸಿನಿಂದ ಮೇಲಿನದು ಹೋಗಿದೆ.

ಸಂದಿಗೆ ಸಿಲಿಕೋನ್ ಅಂಟು ಎಳೆದು, ಒಂದು ರಾತ್ರಿ ಮುಟ್ಟಬೇಡಿ ಎಂದು ಹೇಳಿ ಹೋದರು. ಬೆಳಿಗ್ಗೆ ನೋಡಿದರೆ ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಶುಭ್ರ. ಮಾವ ಭೂತಗನ್ನಡಿ ಹಿಡಿದು ಮೂಲೆಯ ಮೊಹರಿನಲ್ಲಿ ಐಎಸ್ 2553 ಎಂಬ ಸುರಕ್ಷತಾ ಗಾಜಿನ ಸಂಖ್ಯೆ ಓದಿ, ತೃಪ್ತಿಯಿಂದ ಎದ್ದು, ಕಾಫಿಗೆಂದು ನೇರ ಅಡುಗೆಮನೆ ಕಡೆ ನಡೆದರು. ಸುರಕ್ಷತೆ ಗಾಜಿಗೆ, ಹಣೆಗಲ್ಲ.

ಕಣ್ಣಿನ ಮಟ್ಟಕ್ಕೆ ಏನಾದರೂ ಅಂಟಿಸಬೇಕು ಎಂದಾಯಿತು. ಮಗಳಿಗೆ ಚಿಟ್ಟೆ ಬೇಕು, ಇವರಿಗೆ ಸಣ್ಣ ಚೌಕಗಳ ಫಿಲ್ಮ್ ಬೇಕು. ಚರ್ಚೆ ಮುಗಿಯುವಷ್ಟರಲ್ಲಿ ಅತ್ತೆ ಬಚ್ಚಲುಮನೆಯ ಕನ್ನಡಿಯ ಮೇಲೆ ವರ್ಷಗಳಿಂದ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳನ್ನು ಉಗುರಿನಿಂದ ಎಬ್ಬಿಸಿ ತಂದು ಗಾಜಿಗೆ ಸಾಲಾಗಿ ಅಂಟಿಸಿಬಿಟ್ಟರು. ಮರೂನ್, ಕಪ್ಪು, ಯಾವುದೋ ಮದುವೆಯ ಕಲ್ಲಿನ ಬೊಟ್ಟು. ಸಾಲು ನೇರವಾಗಿಯೇ ಇತ್ತು, ಆದರೆ ಅದು ಅತ್ತೆಯ ಕಣ್ಣಿನ ಮಟ್ಟ. ಅತ್ತೆ ಐದಡಿ. ಅಷ್ಟು ಕೆಳಗೆ ನೋಡಿಕೊಂಡು ನಡೆಯುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗಿಲ್ಲ. ಶಾಸ್ತ್ರಕ್ಕೆಂದು ಬಂದ ಮೈದುನ ಎರಡೂ ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿದೇ ಢೀ ಹೊಡೆದ. ಒಂದು ಬೊಟ್ಟು ಅವನ ಶರ್ಟಿಗೆ ಅಂಟಿಕೊಂಡು ಊರಿಗೆ ಹೋಯಿತು. ಅವನ ಹೆಂಡತಿ ಫೋನ್ ಮಾಡಿ ವಿಚಾರಿಸಿದಳು.

ಹೊಗೆ ಮಾತ್ರ ನಿಜಕ್ಕೂ ನಿಂತಿತು. ಜೊತೆಗೆ ಮಾತೂ ನಿಂತಿತು. ನಮ್ಮ ಮನೆಯ ವ್ಯವಹಾರವೆಲ್ಲ ಒಲೆ ಮುಂದಿನಿಂದ ಹಾಲಿಗೆ ಕೂಗುವುದರಲ್ಲಿ, ಹಾಲಿನಿಂದ "ಹಾಂ?" ಅನ್ನುವುದರಲ್ಲಿ ನಡೆಯುತ್ತಿತ್ತು ಎಂಬುದು ಆಗ ತಿಳಿಯಿತು. ಅಡುಗೆಮನೆಗೂ ಹಾಲಿಗೂ ನಡುವೆ ಮರೆಯಾಗಬೇಕಾದದ್ದು ನೋಟ, ಹರಿದಾಡಬೇಕಾದದ್ದು ದನಿ. ಗಾಜು ಸರಿಯಾಗಿ ತಿರುವುಮುರುವು ಮಾಡಿತು. ಅತ್ತೆ ಈಗ ಒಂದು ಕೈಯಲ್ಲಿ ಹೀರೆಕಾಯಿ, ಇನ್ನೊಂದರಲ್ಲಿ ಹಾಗಲಕಾಯಿ ಎತ್ತಿ ಗಾಜಿಗೆ ಒತ್ತಿ ಹಿಡಿಯುತ್ತಾರೆ. ಮಾವ ಪೇಪರಿನಿಂದ ತಲೆಯೆತ್ತದೆ ಆಡಿಸುತ್ತಾರೆ. ಮಧ್ಯಾಹ್ನ ಹಾಗಲಕಾಯಿ ಪಲ್ಯ ನೋಡಿ ಮುಖ ಕಿವಿಚುತ್ತಾರೆ. ಎರಡು ಬೆರಳು ತೋರಿಸಿದರೆ ಎರಡನೇ ಲೋಟ ಕಾಫಿಯೋ ಎರಡು ಚಮಚ ಸಕ್ಕರೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಧಾರಾವಾಹಿಯದೇನೂ ತೊಂದರೆಯಿಲ್ಲ, ಸೊಸೆ ಅಳುತ್ತಿದ್ದಾಳೆ, ಅತ್ತೆ ಕಣ್ಣು ಕೆಂಪು ಮಾಡಿದ್ದಾಳೆ, ಮಾತು ಕೇಳಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

"ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಇರುತ್ತಲ್ಲ, ಅಂಥದೊಂದು ತೂತು ಮಾಡಿಸಿಬಿಡು" ಎಂದರು ಅತ್ತೆ ಒಂದು ದಿನ. ಮಾವನಿಗೆ ಅಷ್ಟು ಹುರುಪು ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. 600 ಡಿಗ್ರಿಯಿಂದ ಹಿಡಿದು ಪ್ರಿನ್ಸ್ ರೂಪರ್ಟ್‌ವರೆಗೆ ಮತ್ತೊಮ್ಮೆ ವಿವರಿಸಿ, ತೂತು ಕೊರೆಯುವುದು ಭೌತಶಾಸ್ತ್ರದ ಪ್ರಕಾರ ಸಾಧ್ಯವೇ ಇಲ್ಲ ಎಂದು ಸಾಧಿಸಿದರು. "ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ಅಂದಿದ್ದೆನಲ್ಲ?" ಎಂದರೆ "ಗಾಜು ಇದೆಯಲ್ಲ, ಕೇಳಿಸಲಿಲ್ಲ" ಎನ್ನುವ ಸುಖವನ್ನು ಅವರೇಕೆ ಬಿಟ್ಟುಕೊಡುತ್ತಾರೆ? ಆದರೆ ಅತ್ತೆ ಸೋಲುವವರಲ್ಲ. ಈಗ ಆರಡಿ ದೂರದಿಂದ, ಗಾಜಿನೊಳಗಿಂದ ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ, ಮಾವನ ಮೊಬೈಲಿಗೆ ಕಾಲ್ ಮಾಡುತ್ತಾರೆ. ಎತ್ತದೆ ಇರುವಂತಿಲ್ಲ, ಕಾಣುತ್ತದಲ್ಲ!

ಮೊನ್ನೆ ಮೇಲಿನ ಮಹಡಿಯವರು ಬಂದು, ಬೊಟ್ಟಿನ ಸಾಲನ್ನು ತಪ್ಪಿಸಿ ಆಚೀಚೆ ಇಣುಕಿ ನೋಡಿ, ಬಹಳ ಮೆಚ್ಚಿ, ಮೇಸ್ತ್ರಿಯ ನಂಬರ್ ತೆಗೆದುಕೊಂಡು ಹೋದರು. ನಿನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಅಳತೆಯೂ ಆಯಿತು, ಗಾಜಿಗೆ ಅಡ್ವಾನ್ಸ್ ಕೂಡ ಕೊಟ್ಟಾಯಿತು ಎಂದರು. ಅವರ ಅಡುಗೆಮನೆಯ ಗೋಡೆ ಸರಿಯಾಗಿ ನಮ್ಮ ಗೋಡೆಯ ಮೇಲೇ ನಿಂತಿದೆ. ಹುಡುಗನಿಗೆ ಸ್ಟೂಲ್ ಸಿಕ್ಕಿತ್ತೋ ಇಲ್ಲವೋ ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಮೂರನೇ ಮಹಡಿ ಬಂತು.